ಬೇವಿಗೆ ಕಂಬಳಿ ಸುತ್ತಿದವಳು

“ಏರಾಂವ ನಾ ಅಲ್ರಿ ಅಮ್ಮಾರ, ನನ್ನ ಮಗಳು. ನಾ ಕೆಳಗ ಹಗ್ಗಾ ಹಿಡಿಯಾಂವ,” ಎಂದು ಅಂಕಲಗಿಯ ಕುರಿಗಾರ ಮಲ್ಲಪ್ಪ ನಕ್ಕಾಗ ನನಗೆ ನಾಚಿಕೆಯಾಯಿತು. ಮರ ಹುಷಾರಾಗಿ ಹತ್ತಪ್ಪ ಎಂದು ಅಲ್ಲಿಯವರೆಗೂ ನಾನು ಅವನಿಗೇ ಅಡ್ವೈಸ್ ಮಾಡುತ್ತಿದ್ದೆ. ಮಗಳು ಲಕ್ಕವ್ವ ಹೆಲ್ಮೆಟ್ ಹಾಕಿ, ಸೊಂಟದ ಬೆಲ್ಟಿಗೆ ಕೊಂಡಿಗಳನ್ನು ಸಿಕ್ಕಿಸಿಕೊಂಡು ಆಗಲೇ ರೆಡಿಯಾಗಿದ್ದಳು.

ಗೋಕಾಕದ ನಮ್ಮ ಮನೆಯ ಬೇವಿನ ಮರದ ಒಣಗಿದ ದೊಡ್ಡ ಕೊಂಬೆಯೊಂದು ಅಡುಗೆಮನೆಯ ಹೆಂಚಿನ ಮೇಲೆ ವಾಲಿತ್ತು. ಮರವನ್ನೇ ಬುಡಕ್ಕೆ ಕಡಿಸಿಬಿಡಿ ಎಂದು ಎಲ್ಲರೂ ಹೇಳಿದ್ದರು. ಅತ್ತೆ ನೆಟ್ಟ ಮರ, ನನಗೆ ಮನಸ್ಸು ಬರಲಿಲ್ಲ.

ಮೇಲೇರಿದ ಲಕ್ಕವ್ವ, ಹಗ್ಗ ಹಾಯಿಸುವ ಕವಲಿಗೆ ಮೊದಲು ಹಳೆಯ ಕರಿ ಕಂಬಳಿಯ ತುಂಡು ಸುತ್ತಿದಳು. ಅದೇಕೆ ಎಂದು ಕೂಗಿ ಕೇಳಿದೆ.

“ಹಗ್ಗಾ ಜಗ್ಗಿದ್ರ ತೊಗಟಿ ಸುಲೀತೈತ್ರಿ. ಉಳಿದ ಸಾಮಾನೆಲ್ಲಾ ಮರಾ ಹತ್ತಿ ಕೊಯ್ಯೂ ಟ್ರೇನಿಂಗ್‌ನಾಗ ಕೊಟ್ಟಾರ, ಕಂಬಳಿ ನಮ್ಮಪ್ಪಂದ್ರಿ,” ಎಂದಳು.

ಹಗ್ಗದ ತುದಿಯನ್ನು ಒಣ ಕೊಂಬೆಗೆ ಬಿಗಿದ ಮೇಲೆ ಗರಗಸ ಆಡಿತು. ಕೊಯ್ದ ಕೊಂಬೆ ಹಗ್ಗದಲ್ಲಿ ತೂಗಾಡಿದಾಗ ನಾನು ಕಣ್ಣು ಮುಚ್ಚಿ ಪ್ರೇಯರ್ ಹೇಳಿದೆ. ಬುಡಕ್ಕೆ ಎರಡು ಸುತ್ತು ಹಾಕಿದ್ದ ಹಗ್ಗವನ್ನು ಮಲ್ಲಪ್ಪ ಮೆಲ್ಲಗೆ ಸಡಿಲಿಸುತ್ತ ಬಂದ. ಕಣ್ಣು ತೆರೆದರೆ ಕೊಂಬೆ ಅಂಗಳದಲ್ಲಿ ಮಲಗಿತ್ತು. ಒಂದು ಹೆಂಚೂ ಒಡೆದಿರಲಿಲ್ಲ.

ಕಾನ್ವೆಂಟಿನಲ್ಲಿ ಪೇರಲ ಮರ ಹತ್ತಿದ್ದಕ್ಕೆ, ಇದು ಲೇಡಿಗಳ ಲಕ್ಷಣವಲ್ಲ ಎಂದು ಸಿಸ್ಟರ್ ನನ್ನನ್ನು ಇಡೀ ದಿನ ಕ್ಲಾಸಿನ ಹೊರಗೆ ನಿಲ್ಲಿಸಿದ್ದರು. ಆಮೇಲೆ ನಾನು ಯಾವ ಮರವನ್ನೂ ಹತ್ತಲಿಲ್ಲ. ಈಗ ಮನೆಗೆ ಬಂದವರಿಗೆಲ್ಲ, ಈ ಬೇವನ್ನು ಉಳಿಸಿದವಳು ನಮ್ಮ ತಾಲೂಕಿನ ಹುಡುಗಿ ಎಂದು ಕೇಳದಿದ್ದರೂ ಹೇಳುತ್ತೇನೆ.