ಚೀಟಿಯಮ್ಮ ತಿದ್ದದೆ ಬಿಟ್ಟ ಶೀರ್ಷಿಕೆ

ಗ್ರಂಥಾಲಯದಲ್ಲಿ ಅವಳನ್ನು ಎಲ್ಲರೂ ಚೀಟಿಯಮ್ಮ ಅನ್ನುತ್ತಿದ್ದರು. ಬಂದ ಪುಸ್ತಕದ ವಿಷಯ ಏನೆಂದು ತೀರ್ಮಾನಿಸಿ, ಇಲಾಖೆಯ ಪಟ್ಟಿಯಲ್ಲಿರುವ ಪದವನ್ನೇ ಕಾರ್ಡಿನ ತಲೆಯ ಮೇಲೆ ಬರೆದು, ಮರದ ಖಾನೆಯಲ್ಲಿ ಅಕ್ಷರಕ್ರಮದಲ್ಲಿ ಸೇರಿಸುವುದು ಇಪ್ಪತ್ತಾರು ವರ್ಷದಿಂದ ಅವಳ ಕೆಲಸ. ಲೇಖಕ ಒಬ್ಬ ಗೆದ್ದಲು ಅನ್ನಲಿ, ಇನ್ನೊಬ್ಬ ಬಿಳಿ ಇರುವೆ ಅನ್ನಲಿ, ಎರಡೂ ಒಂದೇ ಶೀರ್ಷಿಕೆಯ ಕೆಳಗೆ ಬರಬೇಕು. ಇಲ್ಲದಿದ್ದರೆ ಹುಡುಕುವವನಿಗೆ ಅರ್ಧ ಸರಕೇ ಕಾಣದು. ಈ ಶಿಸ್ತು ಎಷ್ಟು ಮೈಗೂಡಿತ್ತೆಂದರೆ ಮನೆಯ ಡಬ್ಬಗಳಿಗೂ ಚೀಟಿ ಅಂಟಿಸಿದ್ದಳು. ಇನ್ನು ನನ್ನ ಹಣೆಯೊಂದು ಬಾಕಿ ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದ.

ಇಂಥವಳೂ ಒಂದು ಕಡೆ ಮೈಗಳ್ಳಿಯಾಗಿದ್ದಳು. ಎಂಟು ವರ್ಷದ ಹಿಂದೆ ಪಟ್ಟಿಗೆ ತಿದ್ದುಪಡಿ ಬಂದಿತ್ತು: 'ಹುಚ್ಚು' ತೆಗೆದು 'ಮಾನಸಿಕ ಕಾಯಿಲೆಗಳು' ಎಂದು ಬರೆಯಬೇಕು. ಕಾರ್ಡುಗಳು ನೂರಾ ಹನ್ನೆರಡು. ಪುಸ್ತಕಗಳೇನೂ ಅಳುವುದಿಲ್ಲವಲ್ಲ ಎಂದುಕೊಂಡು ಸುತ್ತೋಲೆಯನ್ನು ಫೈಲಿಗೆ ಸೇರಿಸಿಬಿಟ್ಟಳು.

ಮೊನ್ನೆ ಮಧ್ಯಾಹ್ನ ಮಗಳು ಬಂದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಈ ಕಡೆ ಎಂದೂ ತಲೆ ಹಾಕದವಳು. ಚೀಟಿಯಮ್ಮ ಹಿಗ್ಗಿ ಕುರ್ಚಿ ಎಳೆದಳು. ಮಗಳು ಕೂರಲಿಲ್ಲ. ಕೊನೆಯ ಖಾನೆಯಿಂದ ಕಿತ್ತು ತಂದ ಕಾರ್ಡೊಂದನ್ನು ಮೇಜಿನ ಮೇಲಿಟ್ಟಳು.

"ಇದು ನಿನ್ನ ಅಕ್ಷರ ಅಲ್ವೇನಮ್ಮಾ?"

ಕಾರ್ಡುಗಳನ್ನು ಪೋಣಿಸಿದ ಕಂಬಿ ಬಿಚ್ಚದೆ ಒಂದನ್ನೂ ಕೀಳಬಾರದು ಎಂದು ಚೀಟಿಯಮ್ಮ ಶುರುಮಾಡಿದಳು.

"ನಾಲ್ಕು ತಿಂಗಳಿಂದ ಡಾಕ್ಟರ ಹತ್ರ ಹೋಗ್ತಿದೀನಿ, ಗುಳಿಗೆ ನುಂಗ್ತಿದೀನಿ. ಇವತ್ತು ನಿನಗೆ ಹೇಳೋಣ ಅಂತ ಬಂದೆ. ಅದಕ್ಕೂ ಮೊದಲು ನನ್ನ ಕಾಯಿಲೆ ಪುಸ್ತಕ ಎಲ್ಲಿದೆ ನೋಡೋಣ ಅನ್ನಿಸ್ತು. ಈಗ ಗುಳಿಗೆನೂ ಬೇಡ, ಏನೂ ಬೇಡ ಅನ್ನಿಸ್ತಿದೆ."

ಒಂದೇ ಸೂರು, ಒಂದೇ ಅಡುಗೆಮನೆ. ಯಾವ ಡಬ್ಬದಲ್ಲಿ ಏನಿದೆಯೆಂದು ಕಣ್ಣುಮುಚ್ಚಿ ಹೇಳುವವಳಿಗೆ ಮಗಳ ನಾಲ್ಕು ತಿಂಗಳು ಗೊತ್ತಿರಲಿಲ್ಲ. ಎದುರಿಗೆ ತನ್ನದೇ ಗುಂಡಗಿನ ಎರಡಕ್ಷರ, ಅದರ ಮೇಲೆ ಮಗಳ ಬೆರಳು.

ಚೀಟಿಯಮ್ಮ ಎದ್ದು ಖಾನೆಯನ್ನೇ ಎಳೆದು ತಂದು, ಕಂಬಿ ಬಿಚ್ಚಿ, ನೂರಾ ಹನ್ನೆರಡನ್ನೂ ಮೇಜಿಗೆ ಸುರಿದು ಒಂದೊಂದರ ಹಳೆಯ ಪದ ಹೊಡೆದುಹಾಕಿ ಹೊಸ ಪದ ಬರೆಯತೊಡಗಿದಳು. ಓದುಗರು ಬಂದರು, ಕಾದರು, ಗೊಣಗಿಕೊಂಡು ಹೋದರು. ಮಗಳು ನಿಂತೇ ಇದ್ದವಳು ಮೂವತ್ತನೆಯ ಕಾರ್ಡಿನ ಹೊತ್ತಿಗೆ ಕೂತಳು.

ನಿಯಮದ ಪ್ರಕಾರ ಇನ್ನೊಂದು ಕಾರ್ಡು ಬಾಕಿಯಿತ್ತು. ತೆಗೆದ ಪದದ ಜಾಗದಲ್ಲಿ, ಹೊಸದನ್ನು ನೋಡಿ ಎಂದು ದಾರಿ ತೋರುವ ಕಾರ್ಡು. ಅದಕ್ಕೆ ಆ ಎರಡಕ್ಷರವನ್ನು ಮತ್ತೆ ಬರೆಯಬೇಕು. ಇದೊಂದು ಇಲ್ಲದಿದ್ದರೆ ಏನೂ ಮುಳುಗುವುದಿಲ್ಲ ಅಂದಳು ಚೀಟಿಯಮ್ಮ, ತಲೆ ಎತ್ತದೆ.

"ಬರಿಯಮ್ಮ. ನಾನೂ ಮೊದಲು ಹುಡುಕಿದ್ದು ಅಲ್ಲೇ ತಾನೆ. ನನ್ನಂಥವರು ಇನ್ನೂ ಬರ್ತಾರೆ."

ಚೀಟಿಯಮ್ಮ ಬರೆದಳು. ಅಕ್ಷರ ಈ ಸಲ ಗುಂಡಗೆ ಬರಲಿಲ್ಲ. ಮಗಳು ಚೀಲದಿಂದ ನೀರಿನ ಬಾಟಲಿ ತೆಗೆದಳು. ಗುಳಿಗೆಯ ಹೊತ್ತು ಮೀರಿ ಗಂಟೆಯಾಗಿತ್ತು.