ಒಂದೇ ಹಾಡಿನ ಬಾಯಾರು

ಕಾಲೇಜಿನಲ್ಲಿ ಹಾಡು ಕಲಿಸುತ್ತಾರೆ ಎನ್ನುವ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಎಂಬತ್ತನಾಲ್ಕನೆಯ ಇಸವಿ, ಜೂನಿನ ಮಿರಗ ಮಳೆ ಹಿಡಿದಿತ್ತು. ಚಿಕ್ಕೋಡಿಯ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ಪಾಳಿಗೆ ನಿಂತಿದ್ದೆ. ಕರೆಂಟು ಹೋಗಿತ್ತು, ಅದಕ್ಕೇ ಮಾತು ಕೇಳಿಸಿತು. ಗಿರಣಿ ತಿರುಗುತ್ತಿದ್ದರೆ ಯಾರ ಮಾತು ಯಾರಿಗೆ ಕೇಳುತ್ತಿತ್ತು?

"ಕಾಲೇಜಿನ್ಯಾಗ ಹುಡುಗ್ಯಾರಿಗೆ ಹಾಡ ಕಲಸ್ತಾರಂತ. ಹಾರ್ಮೋನಿಯಂ ಪೆಟಗಿ ತಂದಾರ, ತಬಲಾ ತಂದಾರ," ಎಂದಳು ನಮ್ಮ ಓಣಿಯ ಚನ್ನವ್ವ.

"ಹಾಡ ಕಲಿಯಾಕ ಕಾಲೇಜ ಯಾಕಬೇ? ನಮ್ಮ ಅತ್ತಿ ದಿನಾ ಮುಂಜಾನೆ ಪುಕ್ಕಟ ಹಾಡ್ತಾಳ, ನನ್ನ ಹೆಸರ ತಗೊಂಡು," ಎಂದಳು ಗಿರಣಿಯವನ ಹೆಂಡತಿ.

ಎಲ್ಲರೂ ನಕ್ಕರು. ಚನ್ನವ್ವ ನಗಲಿಲ್ಲ.

"ಈಗ ಹುಡುಗಿ ನೋಡಾಕ ಬಂದವರು ಏನ ಕೇಳ್ತಾರ ಹೇಳ್ರಿ? ಅಡಗಿ ಬರ್ತೈತೇನವಾ, ಒಂದ ಹಾಡ ಹೇಳವಾ ಅಂತಾರ. ಅಡಗಿ ನಾವ ಕಲಸ್ತೇವಿ. ಹಾಡ ಕಾಲೇಜಿನವರು ಕಲಸಲಿ."

ಈ ಮಾತು ಎಲ್ಲರಿಗೂ ಹೌದೆನಿಸಿತು. ಹಿಟ್ಟು ಬೀಸಿಸಿಕೊಂಡು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಮಾತು. ಆ ತರಗತಿ ಇನ್ನೂ ಶುರುವಾಗಿರಲಿಲ್ಲ, ಆದರೆ ಅದು ಯಾತಕ್ಕಾಗಿ ಎಂದು ನಮ್ಮ ಊರು ಆಗಲೇ ಗೊತ್ತುಮಾಡಿಬಿಟ್ಟಿತ್ತು.

ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ. ಅದೇ ವಾರ ಆ ಬಾಯಾರು ನನ್ನ ಮನೆಗೇ ಖೋಲಿ ಕೇಳಿಕೊಂಡು ಬಂದರು. ನಮ್ಮ ಮನೆಯವರು ತೀರಿಕೊಂಡ ಮೇಲೆ ಮುಂದಿನ ಖೋಲಿ ಹಾಗೇ ಬಿದ್ದಿತ್ತು. ಹೆಸರು ಸುಗಂಧಾ, ಭೋಜ ಎಂಬ ಊರಿನ ಜೈನರ ಮನೆಯವರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ತಂಬೂರಿ. ಬಾಗಿಲಲ್ಲಿ ನಿಂತೇ ಹೇಳಿದರು: "ಅಕ್ಕಾರ, ಮೊದಲ ಹೇಳಿಬಿಡ್ತೀನ್ರಿ. ನಾ ನಸುಕಿನ್ಯಾಗ ಎದ್ದು ಹಾಡ್ತೀನಿ. ನಿಮಗ ತ್ರಾಸ ಆಗಬಾರದು."

"ನಮ್ಮ ಎಮ್ಮಿನೂ ನಸುಕಿನ್ಯಾಗನ ಒದರತೈತ್ರಿ. ರೂಢಿ ಐತಿ," ಎಂದೆ.

ಬಾಯಾರು ನಕ್ಕುಬಿಟ್ಟರು. ಟ್ರಂಕು ಒಳಗೆ ಬಂತು. ಮುಂದೆ ಹನ್ನೆರಡು ವರ್ಷ ಅವರು ಆ ಖೋಲಿಯಲ್ಲಿದ್ದರು. ಹೊತ್ತು ಮುಳುಗುವ ಮೊದಲೇ ಅವರ ಊಟ. ನಾನು ಒಲೆ ಹಚ್ಚುವ ಹೊತ್ತಿಗೆ ಅವರ ತಾಟು ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಆಮೇಲೆ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತು, ನಾನು ರೊಟ್ಟಿ ಬಡಿಯುವುದನ್ನು ನೋಡುತ್ತ ಮಾತಾಡುತ್ತಿದ್ದರು.

ಮದುವೆ ಯಾಕಾಗಲಿಲ್ಲ ಎಂದು ಹಾಗೆ ಕೂತಾಗಲೇ ಒಮ್ಮೆ ಕೇಳಿದೆ.

"ನೋಡಾಕ ಬಂದಿದ್ರಲ್ರೀ ಅಕ್ಕಾರ. ಹಾಡ ಹೇಳವಾ ಅಂದ್ರು. ನಾ ಶ್ಯಾಣ್ಯಾಕಿ, ಕಣ್ಣ ಮುಚ್ಚಿ ಆಲಾಪ ಹಚ್ಚಿದೆ. ಕಣ್ಣ ತಗದ ನೋಡ್ತೀನಿ, ಹುಡುಗನ ಕಾಕಾ ಗೋಡಿಗೆ ಆತು ನಿದ್ದಿ ಹೊಡ್ಯಾಕತ್ತಾನ, ಅವಲಕ್ಕಿ ಆರಿ ಹೋಗೇತಿ, ಹುಡುಗ ಬಾಗಲದಾಗ ನಿಂತು ಚಪ್ಪಲ ಹಾಕೊಳ್ಳಾಕತ್ತಾನ!" ಹೇಳುತ್ತ ಅವರೇ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ, "ಮುಂದ ನಮ್ಮ ಅಣ್ಣ ಶ್ರೀಪಾಲ ಯಾರನ್ನೂ ಕರಕೊಂಡ ಬರಲಿಲ್ಲ. ಹೋಗಲಿ ಬಿಡ್ರಿ, ನನಗ ಹಾಡ ಉಳೀತು," ಎಂದರು.

ಕಾಲೇಜಿನಲ್ಲಿ ಅವರು ನಡೆಸುತ್ತಿದ್ದುದು ಒಂದು ವರ್ಷದ ಪ್ರವೇಶ ತರಗತಿ. ಸಂಗೀತದ ಗಂಧವೇ ಇಲ್ಲದವರಿಗೆ ಮೊದಲ ಮೆಟ್ಟಿಲು. ಸ್ವರ ಹಿಡಿಯುವುದು, ತಾಳ ಹಾಕುವುದು, ನಾಲ್ಕಾರು ರಾಗದ ಪರಿಚಯ. ಏಪ್ರಿಲ್ ಕೊನೆಗೆ ಬೆಳಗಾವಿಗೆ ಹೋಗಿ ಪರೀಕ್ಷೆ ಕೊಡಬೇಕು. ಸಂಜೆ ಕಾಲೇಜು ಬಿಟ್ಟ ಮೇಲೆ ಹುಡುಗಿಯರು ನನ್ನ ಮನೆಗೂ ಬಂದು ಕೂತು ಅಭ್ಯಾಸ ಮಾಡುತ್ತಿದ್ದರು. ನಾನು ಓದಿದ್ದು ಮೂರನೆಯ ಇಯತ್ತೆ. ಆದರೂ ಒಳಗೆ ಕೂತು ಕೇಳಿ ಕೇಳಿ ಯಾವ ಹುಡುಗಿ ಎಲ್ಲಿ ಜಾರುತ್ತಾಳೆ ಎನ್ನುವುದು ನನಗೂ ಗೊತ್ತಾಗತೊಡಗಿತು.

ಬಾಯಾರು ದೀಪಾವಳಿಯವರೆಗೆ ಬರೀ ಷಡ್ಜ ಹಿಡಿಸುತ್ತಿದ್ದರು. ಅದು ಗಟ್ಟಿಯಾಗದೆ ಮುಂದೆ ಹೋಗುವುದೇ ಇಲ್ಲ. ತಾಯಂದಿರು ಬಂದು ಜಗಳ ತೆಗೆದರು.

"ಬಾಯಾರ, ಎಷ್ಟ ತಿಂಗಳಾತ್ರಿ, ಒಂದ ಅಕ್ಷರದ ಮ್ಯಾಲ ಕುಂತೀರಿ. ನಮ್ಮ ಹುಡುಗಿ ಮನ್ಯಾಗ ಆ ಅಂತ ಬಾಯಿ ತಗದರ, ಅವರಪ್ಪ ಹಲ್ಲ ನೋಸಾಕತ್ತಾವೇನು ಅಂತ ಕೇಳ್ತಾನ."

"ಪಾಯಾ ಹಾಕದ ಗ್ವಾಡಿ ಕಟ್ಟೂದ ಹ್ಯಾಂಗ್ರೀ?"

"ನಮಗ ಗ್ವಾಡಿ ಬ್ಯಾಡ್ರಿ ಬಾಯಾರ. ಒಂದ ಹಾಡ ಸಾಕು. ದೀಪಾವಳಿ ಆದ ಮ್ಯಾಲ ನೋಡಾಕ ಬರಾವರು ಅದಾರ."

ಬಾಯಾರು ಸೋತು ಒಬ್ಬೊಬ್ಬರಿಗೆ ಒಂದೊಂದು ಹಾಡು ಕಲಿಸಿದರು. ಅಥಣಿ ಕಡೆಯ ವರ ಬರುವುದಿದ್ದರೆ ಕನ್ನಡದ್ದು, ಕಾಗವಾಡದ ಆಚೆಯವರಾದರೆ ಮರಾಠಿಯದು. ಚೆನ್ನಾಗಿ ಹಾಡಿದವಳ ಮದುವೆ ಬೇಗ ಗೊತ್ತಾಗುತ್ತಿತ್ತು. ಗೊತ್ತಾದ ಮರುದಿನದಿಂದ ಅವಳು ತರಗತಿಗೆ ಬರುತ್ತಿರಲಿಲ್ಲ. ಪರೀಕ್ಷೆಯ ಹೊತ್ತಿಗೆ ಉಳಿದವರು ಹಾಡು ಕೇಳಿಯೂ ಯಾರೂ ಒಪ್ಪದ ಹುಡುಗಿಯರು, ಅವರನ್ನು ತಂದೆಯರು ಬೆಳಗಾವಿಯ ಬಸ್ಸಿಗೂ ಹತ್ತಿಸಲಿಲ್ಲ. ಮೊದಲ ವರ್ಷ ಪರೀಕ್ಷೆಗೆ ಯಾರೂ ಹೋಗಲಿಲ್ಲ. ಎರಡನೆಯ ವರ್ಷವೂ ಅಷ್ಟೇ. ಊರಿನವರು ಮಾತ್ರ ಬಾಯಾರನ್ನು ಹೊಗಳಿದ್ದೇ ಹೊಗಳಿದ್ದು: ಅವರ ಕೈ ಹತ್ತಿದ ಹುಡುಗಿ ಮನೆಯಲ್ಲಿ ಉಳಿಯುವುದಿಲ್ಲ ಎಂದು.

ಕಾಲೇಜಿನ ಕಮಿಟಿಯ ರಾವಸಾಹೇಬರು ಒಂದು ದಿನ ಮನೆಗೇ ಬಂದರು. ಒಳ್ಳೆಯ ಮನುಷ್ಯ, ಚಹಾ ಕುಡಿದು ಲೋಟವನ್ನು ತಾವೇ ಒಳಗೆ ತಂದಿಟ್ಟರು.

"ಬಾಯಾರ, ನಿಮ್ಮ ಮ್ಯಾಲ ನಮ್ಮದೇನೂ ತಕರಾರಿಲ್ರಿ. ಖರೇ ಪರೀಕ್ಷಾಕ್ಕ ಒಬ್ಬಾಕೀನೂ ಕೂಡಲಿಲ್ಲ ಅಂದ್ರ ನಾ ಮೀಟಿಂಗಿನ್ಯಾಗ ಏನ ಹೇಳಲಿ? ಈ ವರ್ಷ ಒಬ್ಬಾಕಿ, ಒಬ್ಬಾಕಿನರ ಕೂಡಲಿ. ಇಲ್ಲಾಂದ್ರ ಆ ಖೋಲಿಗೆ ಟೈಪಿಂಗ್ ಮಷೀನ್ ತರಸ್ತಾರ."

ಆ ಮೂರನೆಯ ವರ್ಷ ಬಂದವಳು ದ್ರೌಪದಿ. ಕಬ್ಬೂರಿನ ಕಬ್ಬಿನ ರೈತ ಧರೆಪ್ಪನ ಮಗಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬೆಳೆದ ಗಂಟಲು. ಮೊದಲ ದಿನ ಅವಳು ಷಡ್ಜ ಹಿಡಿದಾಗ ಬಾಯಾರ ಬೆರಳು ತಂಬೂರಿಯ ಮೇಲೆ ನಿಂತೇ ಹೋಯಿತು. ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿದೆ.

ಹುಡುಗಿ ಬೆಲ್ಲ ತಿಂದ ಹಾಗೆ ಕಲಿತಳು. ಬಾಯಾರು ಅವಳಿಗೆ ಯಾವ ಹಾಡನ್ನೂ ಕಲಿಸಲಿಲ್ಲ, ಬೇಕೆಂದೇ. ರಾಗ ಕಲಿಸಿದರು. ಸಂಕ್ರಾಂತಿಯ ಹೊತ್ತಿಗೆ ಅವಳು ಪರೀಕ್ಷೆಗೆ ತಯಾರಾಗಿದ್ದಳು. ಎಳ್ಳು ಬೆಲ್ಲ ಕೊಡಲು ಬಂದವಳು ತಾಟನ್ನು ಕೆಳಗಿಟ್ಟು ಹೇಳಿದಳು: "ಬಾಯಾರ, ರಾಯಬಾಗದಿಂದ ನನ್ನ ನೋಡಾಕ ಬರ್ತಾರಂತ್ರಿ."

ಬಾಯಾರು ತಾಟನ್ನು ಬದಿಗೆ ಸರಿಸಿದರು.

"ನಾ ಕೆಟ್ಟ ಹಾಡ್ತೀನ್ರಿ," ಎಂದಳು ಅವಳು. "ಕೇಳಿದವರು ಎದ್ದ ಹೋಗಬೇಕು, ಹಂಗ ಹಾಡ್ತೀನಿ. ಅಪ್ಪಗ ಸಂಶೆ ಬರಬಾರದು, ಅಷ್ಟ."

"ತಪ್ಪ ಹಾಡೂದ ನನಗ ಕಲಸಾಕ ಬರೂದಿಲ್ಲವಾ," ಎಂದರು ಬಾಯಾರು. ಆದರೆ ಬ್ಯಾಡ ಎನ್ನಲಿಲ್ಲ.

ಅವಳೇ ಕೂತು ಪ್ರಯತ್ನ ಮಾಡಿದಳು. ಆ ಕಸರತ್ತು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲಿ ತಪ್ಪಿಸಲು ಹೋದರೂ ದನಿ ತಾನಾಗಿ ಸ್ವರಕ್ಕೆ ಬಂದು ಕೂರುತ್ತಿತ್ತು. ಕೊನೆಗೆ ತನ್ನ ಗಂಟಲಿಗೆ ಎಟುಕದ ಎತ್ತರದಲ್ಲಿ ಹಾಡು ಎತ್ತಿಕೊಂಡಳು. ಅಲ್ಲಿ ದನಿ ಒಡೆದು ಚೂರಾಯಿತು. "ಇದ ಬರೋಬ್ಬರಿ ಐತಿ," ಎಂದಳು ದ್ರೌಪದಿ. ಬಾಯಾರು ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು.

ನೋಡುವ ದಿನ ಕಲಿಸಿದವರೂ ಇರಲಿ ಎಂದು ಧರೆಪ್ಪ ಬಾಯಾರನ್ನು ಕರೆಸಿದ. ಜೊತೆಗೆ ನಾನೂ ಹೋದೆ. ರಾಯಬಾಗದವರು ಜೀಪಿನಲ್ಲಿ ಬಂದರು. ವರನ ಹೆಸರು ಉತ್ತಮ. ಆದರೆ ಎಲ್ಲರೂ ನೋಡುತ್ತಿದ್ದುದು ಅವನ ಅಜ್ಜಿ ಸೀತವ್ವನ ಮುಖವನ್ನು. ಹುಡುಗಿಯನ್ನು ನಡೆಸಿದರು, ಸೂಜಿ ಪೋಣಿಸಲು ಹಚ್ಚಿದರು. ಆಮೇಲೆ ಯಾರೋ, "ಕಾಲೇಜಿನ್ಯಾಗ ಹಾಡ ಕಲ್ತಾಳಂತ. ಒಂದ ಆಗಲಿ," ಎಂದರು.

ದ್ರೌಪದಿ ಹಾಡಿದಳು. ಮೊದಲ ಸಾಲಿಗೇ ದನಿ ಒಡೆಯಿತು, ಎರಡನೆಯ ಸಾಲಿಗೆ ಕೆಮ್ಮು. ಧರೆಪ್ಪ ಮುಖ ಕೆಳಗೆ ಹಾಕಿದ. ಉತ್ತಮ ನಗು ತಡೆಯಲು ಬಾಯಿಗೆ ಕರವಸ್ತ್ರ ಹಿಡಿದ. ಬಾಯಾರು ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದರು. ಹುಡುಗಿಯ ಮುಖದಲ್ಲಿ ಮಾತ್ರ ಒಂದು ಸಣ್ಣ ಗೆಲುವು ಕಂಡಿತು.

ಸೀತವ್ವ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ನನಗ ಈ ಹುಡುಗೀನ ಬೇಕು," ಎಂದಳು.

"ಅಜ್ಜಿ, ಹಾಡ..." ಎಂದ ಉತ್ತಮ.

"ಅದಕ್ಕ ಬೇಕಲೇ! ನಿಮ್ಮಣ್ಣನ ಹೇಂತಿ, ನಿಮ್ಮ ವೈನಿ, ಹಾಡಾಕಿ ಅಂತ ಕುಣಕೋತ ತಂದಿವಿ. ಮುಂಜಾನೆದ್ದು ಹಾಡಕೋತ ನಿಂದರ್ತಾಳ, ಹಾಲ ಉಕ್ಕಿ ಒಲಿ ಪಾಲ. ಈಕಿಗೆ ಹಾಡ ಬರೂದಿಲ್ಲ, ಇನ್ನ ಹಾಡೂದೂ ಇಲ್ಲ. ಧರೆಪ್ಪಣ್ಣ, ಸಕ್ಕರಿ ತಗೊಂಡ ಬಾ."

ಸಕ್ಕರೆ ಬಂತು, ಸಂಬಂಧ ಗಟ್ಟಿಯಾಯಿತು. ನನ್ನ ಕೈಗೂ ಹಾಕಿದರು. ದ್ರೌಪದಿ ಎದ್ದು ಒಳಗೆ ಹೋದಳು. ಒಳಗಿನಿಂದ ಸಪ್ಪಳವೇ ಇಲ್ಲ. ಅಳುವಾದರೂ ಕೇಳಿಸಬೇಕಿತ್ತು ಎಂದು ನನಗನ್ನಿಸಿತು.

ಬಾಯಾರು ಆಗಲೂ ಆಸೆ ಬಿಡಲಿಲ್ಲ. ಮದುವೆಯಾದರೇನು, ಪರೀಕ್ಷೆ ಒಂದು ದಿನದ ಕೆಲಸ ಎಂದು ಮತ್ತೆ ಕಬ್ಬೂರಿಗೆ ನಡೆದರು, ನನ್ನನ್ನೂ ಕರೆದುಕೊಂಡು. ಅಲ್ಲಿ ನೋಡಿದರೆ ಸೋಮವಾರ ಅರಿಷಿಣ, ಬುಧವಾರ ಅಕ್ಷತೆ. ಬೆಳಗಾವಿಯ ಪರೀಕ್ಷೆ ನಡುವಿನ ಮಂಗಳವಾರ. ನಮ್ಮ ಕಡೆ ಅರಿಷಿಣ ಹಚ್ಚಿದ ಹುಡುಗಿ ಅಕ್ಷತೆ ಬೀಳುವವರೆಗೆ ಊರ ಸೀಮೆ ದಾಟುವುದಿಲ್ಲ.

ಧರೆಪ್ಪ ಸಿಟ್ಟಿಗೇಳಲಿಲ್ಲ. ಯೋಚಿಸಿ ಹೇಳಿದ: "ಬಾಯಾರ, ಆಕೀ ಸೀಮಿ ದಾಟೂದಿಲ್ಲ ಖರೆ, ಪರೀಕ್ಷಾ ಮಾಡಾವರಿಗೆ ಅರಿಷಿಣ ಹಚ್ಚಿಲ್ಲಲ್ರೀ? ಅವರನ್ನ ಇಲ್ಲಿಗೇ ಕರಕೊಂಡ ಬರ್ರಿ. ಜೀಪ ಕಳಸ್ತೀನಿ. ಹೋಳಿಗಿ ಊಟಾ ಹಾಕಸ್ತೀನಿ, ಶಾಲ ಹೊಚ್ಚತೀನಿ. ಹಂದರದಾಗ ಕುಂತು ಏನ ಕೇಳ್ತಾರ ಕೇಳವಲ್ಲರ‍್ಯಾಕ."

ಅವನು ಮನಸ್ಸಿನಿಂದಲೇ ಹೇಳಿದ್ದ. ಬಾಯಾರು ಅವನಿಗೆ ಕೈಮುಗಿದು ಎದ್ದರು. ದ್ರೌಪದಿ ಬಾಗಿಲ ಮರೆಯಲ್ಲಿ ನಿಂತಿದ್ದಳು, ಹೊರಗೆ ಬರಲಿಲ್ಲ.

ಆ ಮಂಗಳವಾರ ಬಾಯಾರು ನಸುಕಿನಲ್ಲಿ ಹಾಡಲಿಲ್ಲ. ಎಮ್ಮೆ ಮಾತ್ರ ಒದರಿತು.

ಜೂನಿನಲ್ಲಿ ಆ ಖೋಲಿಗೆ ಟೈಪಿಂಗ್ ಮಷೀನುಗಳು ಬಂದವು. ಪೆಟ್ಟಿಗೆಯನ್ನೂ ತಬಲಾವನ್ನೂ ಕಾಲೇಜಿನವರು ಯಾವುದೋ ಭಜನಾ ಮಂಡಳಿಗೆ ಕೊಟ್ಟರು. ಬಾಯಾರು ಭೋಜಕ್ಕೆ ತಿರುಗಿ ಹೋಗುತ್ತಾರೆ ಎಂದುಕೊಂಡಿದ್ದೆ, ಹೋಗಲಿಲ್ಲ. ಅಣ್ಣನ ಮನೆಯಲ್ಲಿ ತಂಬಾಕಿನ ಎಲೆ ಬಿಡಿಸುತ್ತ ಕೂರುವುದಕ್ಕಿಂತ ಇಲ್ಲೇ ಇರುತ್ತೇನೆ ಎಂದರು. ಇದ್ದು ಏನು ಮಾಡಬೇಕು? ತಾಯಂದಿರು ಬರುವುದು ನಿಂತಿರಲಿಲ್ಲ. ಕಾಲೇಜಿನ ಬದಲು ಈಗ ಸೀದಾ ನನ್ನ ಬಾಗಿಲಿಗೆ.

"ಬಾಯಾರ, ಐತವಾರ ಬರಾಕತ್ತಾರ್ರಿ. ಒಂದ ಹಾಡ ಕೂಡಿಸಿಬಿಡ್ರಿ."

ಬಾಯಾರು ಕೂಡಿಸಿಬಿಡುತ್ತಿದ್ದರು. ಷಡ್ಜ ಹಿಡಿಸುವ ಮಾತೇ ಇಲ್ಲ. ಗಿಳಿಗೆ ಕಲಿಸಿದಂತೆ ನಾಲ್ಕು ಸಾಲು, ಅಷ್ಟೇ. ಎರಡನೆಯದು ಯಾರೂ ಕೇಳಲಿಲ್ಲ. ಊರಲ್ಲಿ ಒಂದೇ ಹಾಡಿನ ಬಾಯಾರು ಎಂದು ಹೆಸರಾಯಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಾಗೆಂದು ಕೇಳಿದರೆ ಟಾಂಗಾದವನು ಮನೆಯವರೆಗೆ ತಂದು ಬಿಡುತ್ತಿದ್ದ. ನಸುಕಿನ ಹಾಡು ದಿನ ಬಿಟ್ಟು ದಿನವಾಯಿತು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಇಲ್ಲ.

ತೊಂಬತ್ತಾರರ ದೀಪಾವಳಿ ಮುಗಿದಿತ್ತು. ದ್ರೌಪದಿ ಬಂದಳು. ಮೈ ತುಂಬಿಕೊಂಡಿತ್ತು, ಕೈತುಂಬ ಹಸಿರು ಬಳೆ. ಜೊತೆಗೆ ಅವಳ ನಾದಿನಿ ಕಸ್ತೂರೆವ್ವ, ಹದಿನೆಂಟರ ಹುಡುಗಿ. ನಾದಿನಿಯನ್ನು ನೋಡಲು ಬರುವವರಿದ್ದರು.

ಬಾಯಾರು ಅವಳ ಮುಖವನ್ನೇ ನೋಡುತ್ತ, "ನೀನ ಕಲಸಬೇಕಿಲ್ಲೋ ದ್ರೌಪದಿ?" ಎಂದರು.

"ನನಗೆಲ್ಲಿ ಬರತೈತ್ರೀ ಬಾಯಾರ," ಎಂದಳು. ಗಂಡನ ಮನೆಯವರ ಮುಂದೆ ಹೇಳುವ ಮಾತಿರಬೇಕು ಎಂದುಕೊಂಡೆ ನಾನು.

ಬಾಯಾರು ತಂಬೂರಿ ತೆಗೆದು ತಂತಿ ಮೀಟಿ, "ಷಡ್ಜ ಹಿಡಿಯವಾ," ಎಂದರು.

ದ್ರೌಪದಿ ಬಾಯಿ ತೆರೆದಳು. ಬರಲಿಲ್ಲ. ಸ್ವರದ ಕೆಳಗೆ ಒಮ್ಮೆ, ಮೇಲೆ ಒಮ್ಮೆ ತಡಕಾಡಿದಳು, ಅಷ್ಟರಲ್ಲಿ ಉಸಿರು ತೀರಿತು. ಈ ಸಲ ಅವಳು ಬೇಕೆಂದು ಮಾಡಿದ್ದಲ್ಲ. ನಾದಿನಿ ಕಿಸಕ್ಕನೆ ನಕ್ಕಳು: "ಅದಕ್ಕ ನಮ್ಮ ಅಜ್ಜಿ ವೈನೀನ್ನ ಆರಿಸ್ಯಾಳ್ರಿ!"

ಬಾಯಾರು ಆ ಹುಡುಗಿಗೆ ನಾಲ್ಕು ಸಾಲು ಕೂಡಿಸಿ ಕಳಿಸಿದರು. ಮರುದಿನ ಕಾರ್ಡು ಬರೆದು ಅಣ್ಣನನ್ನು ಕರೆಸಿಕೊಂಡರು. ಶ್ರೀಪಾಲಣ್ಣ ಜೀಪು ತಂದ. ಟ್ರಂಕು ಏರಿತು, ತಂಬೂರಿ ಏರಿತು. ಅವರು ಭೋಜದಲ್ಲಿ ಎರಡು ವರ್ಷವೂ ಉಳಿಯಲಿಲ್ಲ, ಕಾಮಾಲೆಯಾಗಿ ತೀರಿಕೊಂಡರು. ನನಗೆ ತಿಳಿದದ್ದು ದಹನ ಮುಗಿದ ಮೇಲೆ. ಹೀಗಾಗಿ ನಾನು ಅವರನ್ನು ಕಡೆಗೆ ನೋಡಿದ್ದು ಆ ಜೀಪಿನಲ್ಲಿಯೇ. ಹತ್ತಿ ಕೂತವರು ನನ್ನ ಕೈ ಹಿಡಿದುಕೊಂಡರು.

"ಅಕ್ಕಾರ, ಇನ್ನ ಮ್ಯಾಲೂ ಹುಡುಗ್ಯಾರನ್ನ ಕರಕೊಂಡ ಬರ್ತಾರ್ರಿ. ಎಲ್ಲಿಗೆ ಹೋಗ್ಯಾರ ಅಂತ ಕೇಳ್ತಾರ. ಭೋಜಕ್ಕ ಹೋಗ್ಯಾರ ಅನಬ್ಯಾಡ್ರಿ. ಈ ಮನ್ಯಾಗ ಹಾಡ ಕಲಸಾವರು ಯಾರೂ ಇದ್ದಿದ್ದಿಲ್ಲ ಅನ್ರಿ."