ಹಳೆಗೆರೆಯ ಸುಣ್ಣದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ಖಾಲಿ ಬಯಲಿನ ನಡುವೆ ಸುಣ್ಣದಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನಿನ್ನೆ ಸಂಜೆ ಇಲ್ಲಿಂದ ಕೊನೆಯ ಮನೆಯ ಮೆಟ್ಟಿಲವರೆಗೆ ತಾವೇ ಎಳೆದ ಸುಣ್ಣದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಕಲಸಿದ ಹಿಟ್ಟಿನಂತೆ ಒದ್ದೆ. ಮಳೆ ಬಂದಿಲ್ಲ, ಹತ್ತಿರದಲ್ಲಿ ನಲ್ಲಿಯೂ ಇಲ್ಲ. "ಯಾವತ್ತು ಹಾಕಿದ್ರೂ ಹಿಂಗೇ," ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಜಂಟಿ ಅಳತೆಯ ದಿನ ಟೇಪಿನ ತುದಿ ಹಿಡಿಯುವುದು, ಗೂಟ ಹೊಡೆಯುವುದು, ಸುಣ್ಣ ಹಾಕುವುದು ಅವರ ಕೆಲಸ. ನಗರಸಭೆಯ ಆಳು ಗೆರೆ ಎಳೆದರೆ ರಾಜ್ಯದ ಯೋಜನಾ ಇಲಾಖೆ ನಂಬುವುದಿಲ್ಲ, ಇಲಾಖೆಯ ಆಳು ಎಳೆದರೆ ನಗರಸಭೆ ನಂಬುವುದಿಲ್ಲ. ಹಾಗಾಗಿ ಯಾರ ಕಡೆಗೂ ಸೇರದ ಸುಣ್ಣದಕ್ಕನೇ ಬೇಕು. ಅಧಿಕಾರಿಗಳು ಮುಖ ತಿರುಗಿಸಿಕೊಂಡ ದಿನ ಮಾತನ್ನೂ ಇವರೇ ಹೊರಬೇಕು. "ಎದುರುಬದುರೇ ನಿಂತಿರ್ತಾರೆ. 'ಅವರಿಗೆ ಹೇಳಮ್ಮ' ಅಂತ ಇವ್ರು, 'ಇವರಿಗೆ ಹೇಳಮ್ಮ' ಅಂತ ಅವ್ರು. ಬೀಗರ ಜಗಳಾನೇ ಇದಕ್ಕಿಂತ ವಾಸಿ."

ಇಲ್ಲಿನ ಜಗಳ ಹುಟ್ಟಿದ್ದು ಒಂದು ಪದದಿಂದ. ಹಳೆಯ ನಕ್ಷೆಯಲ್ಲಿ ಈ ಜಾಗದ ಮೇಲೆ 'ಹಳೆಗೆರೆ' ಎಂದು ಬರೆದಿದೆ. ನಗರಸಭೆ ಅದನ್ನು ಹಳೆಯ ಗೆರೆ, ಅಂದರೆ ಊರಿನ ಹಿಂದಿನ ಗಡಿ, ಎಂದು ಓದಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಈಗ ಬಯಲಿನಲ್ಲಿ ಮಳಿಗೆ ಕಟ್ಟಲು ಹೊರಟಿದೆ. ಇಲಾಖೆ ಅದನ್ನೇ ಹಳೆಯ ಕೆರೆ ಎಂದು ಓದಿ ಬೀದಿಯನ್ನೇ ತೆರವು ಮಾಡಿ ಎನ್ನುತ್ತಿದೆ. ವ್ಯಾಕರಣ ಇಬ್ಬರಿಗೂ ಒತ್ತಾಸೆಯಾಗಿ ನಿಂತುಬಿಟ್ಟರೆ ಬಡಪಾಯಿಗಳು ಎಲ್ಲಿಗೆ ಹೋಗಬೇಕು? ಬಯಲಿಗೆ ಅಂಟಿಕೊಂಡ ಆ ಕೊನೆಯ ಮನೆ ಸುಣ್ಣದಕ್ಕನ ಒಡಹುಟ್ಟಿದ ಅಕ್ಕನದು.

ಇಲ್ಲಿ ನೀರು ನಿಂತದ್ದನ್ನು ಕಂಡವರು ಬೀದಿಯಲ್ಲಿ ಯಾರೂ ಇಲ್ಲ. ಆದರೂ ಬಯಲು ದಾಟುವಾಗ ಎಲ್ಲರೂ ಉಟ್ಟ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿಕೊಳ್ಳುತ್ತಾರೆ. ಯಾಕೆ ಎತ್ತಿಕೊಳ್ಳುತ್ತೀರಿ ಎಂದು ಬಯಲು ದಾಟುತ್ತಿದ್ದ ಆ ಕೊನೆಯ ಮನೆಯ ಅಕ್ಕನನ್ನು ಕೇಳಿದೆ. "ಏನನ್ನ?" ಎಂದು ನನ್ನನ್ನೇ ಕೇಳಿದರು. ಬಟ್ಟೆಯ ಅಂಚು ಅವರ ಕೈಯಲ್ಲೇ ಇತ್ತು.

ಪರಸ್ಪರರ ನಕ್ಷೆಯನ್ನು ನಂಬದವರು ಕೊನೆಗೆ ಸುಣ್ಣವನ್ನು ನಂಬಲು ಒಪ್ಪಿದ್ದಾರೆ. ಒದ್ದೆಯಾದಷ್ಟು ಕೆರೆ, ಒಣಗಿದಷ್ಟು ಬೀದಿ. ಅಧಿಕಾರಿಗಳಿಬ್ಬರೂ ಮೆಟ್ಟಿಲ ಬಳಿ ಕಾಯುತ್ತಿದ್ದಾರೆ. ಸುಣ್ಣದಕ್ಕ ಗೆರೆಯನ್ನು ಮುಟ್ಟುತ್ತಾ ಮನೆಯತ್ತ ಸರಿಯುತ್ತಾರೆ. ಒದ್ದೆ. ಇನ್ನೂ ಒದ್ದೆ. ಬಾಗಿಲಲ್ಲಿ ಅಕ್ಕ ನಿಂತು ನೋಡುತ್ತಿದ್ದಾರೆ. ಮೆಟ್ಟಿಲಿಗೆ ಇನ್ನೊಂದು ಗೇಣು ಇರುವಾಗ ಬೆರಳಿಗೆ ಒಣ ಪುಡಿ ಹತ್ತುತ್ತದೆ.

"ಇಲ್ಲಿಗೆ ನಿಂತಿದೆ," ಎನ್ನುತ್ತಾರೆ ಸುಣ್ಣದಕ್ಕ.

ಮನೆಗಳು ಉಳಿಯುತ್ತವೆ, ಬಯಲು ಬಯಲಾಗಿಯೇ ಇರುತ್ತದೆ. ಇಬ್ಬರೂ ಸಹಿ ಹಾಕುತ್ತಾರೆ. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತಾರೆ.

"ಅಕ್ಕನ ಮನೆ ಅಂತ ಒಂದು ಹಿಡಿ ಸುಣ್ಣಾನೂ ಆಚೆ ಈಚೆ ಹಾಕಿಲ್ಲ," ಎನ್ನುತ್ತಾರೆ ಸುಣ್ಣದಕ್ಕ ನನ್ನ ಬಳಿ. ಆಮೇಲೆ ದನಿ ತಗ್ಗಿಸಿ, "ಹಾಕಿದ್ರೂ ಆ ಕೆರೆ ಕೇಳ್ತಿತ್ತಾ?"

ಅಷ್ಟರಲ್ಲಿ ಹೊಸ ನಕ್ಷೆಯಲ್ಲಿ ಹೆಸರನ್ನು ಹೇಗೆ ಬರೆಯಬೇಕೆಂದು ಅಧಿಕಾರಿಗಳ ಚರ್ಚೆ ಶುರುವಾಗಿದೆ. ಸುಣ್ಣದಕ್ಕ ಕೇಳಿಕೊಳ್ಳುವುದು ಇಷ್ಟೇ: "ಒಟ್ಟಿಗೇ ಬರೀರಿ ಸ್ವಾಮಿ. ಬಿಡಿಸೋಕೆ ಹೋಗ್ಬೇಡಿ."

ಇಬ್ಬರೂ ತಲೆಯಾಡಿಸಿ, ಬಯಲಿನಾಚೆ ನಿಂತ ಜೀಪಿನತ್ತ ಹೊರಡುತ್ತಾರೆ, ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿಕೊಂಡು.